ಬರಲಿರುವ ಬ್ರಿಟಿಷ್ ಸರಣಿಗಳನ್ನು ತಪ್ಪಿಸಿಕೊಳ್ಳದೆ ನೋಡುವುದು ಹೇಗೆ: ಘೋಷಣೆಯಿಂದ ನಿಮ್ಮ ಪರದೆಯವರೆಗೆ ಸಮಗ್ರ ಮಾರ್ಗದರ್ಶಿ

ಬ್ರಿಟಿಷ್ ಡ್ರಾಮಾ, ಕಾಮಿಡಿ ನೋಡುವ ಗೆಳೆಯರಿಂದ ಮೂರು ದೂರುಗಳನ್ನು ಮತ್ತೆ ಮತ್ತೆ ಕೇಳುತ್ತಿರುತ್ತೇನೆ. ಒಂದು: "ಹೊಸ ಸೀಸನ್ ಬರುತ್ತೆ ಅಂತ ಓದಿ ಎರಡು ವರ್ಷ ಆಯ್ತು, ಎಲ್ಲಿದೆ?" ಇನ್ನೊಂದು: "ಲಂಡನ್‌ನಲ್ಲಿ ನಿನ್ನೆ ಬಂತಂತೆ, ನನ್ನ ಯಾವ ಆ್ಯಪ್‌ನಲ್ಲೂ ಇಲ್ಲ." ಮತ್ತೊಂದು: "ನೋಡೋಕೆ ಕೂರೋ ಮೊದಲೇ ಕೊಲೆಗಾರ ಯಾರು ಅಂತ ಗೊತ್ತಾಗೋಯ್ತು."

ಮೂರಕ್ಕೂ ಕಾರಣ ಒಂದೇ. ಎಲ್ಲರೂ ಮೊದಲು ತಾರೀಖು ಹುಡುಕುತ್ತಾರೆ. ಬ್ರಿಟಿಷ್ ಟಿವಿಯಲ್ಲಿ ತಾರೀಖು ಗೊತ್ತಾಗುವುದು ಕಟ್ಟಕಡೆಗೆ, ಎಷ್ಟೋ ಸಲ ಪ್ರಸಾರಕ್ಕೆ ಎರಡು ವಾರ ಇದ್ದಾಗ. ಅದಕ್ಕೂ ಮೊದಲು ತಿಳಿಯಬೇಕಾದ್ದು ಎರಡು ವಿಷಯ: ಕೆಲಸ ಎಲ್ಲಿಗೆ ಬಂದಿದೆ, ದುಡ್ಡು ಹಾಕಿದವರು ಯಾರು. ಇವೆರಡು ತಿಳಿದರೆ ಆ್ಯಪ್ ಯಾವುದು, ಸುಮಾರು ಯಾವ ತಿಂಗಳು ಅನ್ನುವುದು ಬಹುಪಾಲು ತಾನಾಗಿಯೇ ಗೊತ್ತಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯದನ್ನು ಬಿಟ್ಟು ಐದಕ್ಕೆ ಹಾರುವುದೇ ಎಲ್ಲರೂ ಮಾಡುವ ತಪ್ಪು.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಫೋನಿನ ಕ್ಯಾಲೆಂಡರ್. ಜಸ್ಟ್‌ವಾಚ್ ಆ್ಯಪ್, ದೇಶ ಭಾರತ ಎಂದು ಇಟ್ಟಿರಬೇಕು. ಟಿವಿಮೇಜ್ ಎಂಬ ಉಚಿತ ತಾಣದಲ್ಲಿ ಒಂದು ಖಾತೆ. ಜಸ್ಟ್‌ವಾಚ್ "ನಮ್ಮಲ್ಲಿ ಎಲ್ಲಿ ಸಿಗುತ್ತೆ" ಎಂದು ಹೇಳುತ್ತದೆ. ಟಿವಿಮೇಜ್ "ಅಲ್ಲಿ ಯಾವತ್ತು ಬರುತ್ತೆ" ಎಂದು ಹೇಳುತ್ತದೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ಹಾಗಾಗಿ ಎರಡೂ ಬೇಕು.

## ಹಂತ 1: ಆರು ಕಾಲಂಗಳ ಪಟ್ಟಿ ಮಾಡಿ

ಕಾಲಂಗಳು ಇವು: ಹೆಸರು, ಬರೆದವರು, ಬ್ರಿಟನ್‌ನ ಚಾನೆಲ್, ಹೊರದೇಶದ ಪಾಲುದಾರ, ಈಗಿನ ಹಂತ, ಕೊನೆಯ ಸಲ ನೋಡಿದ ದಿನ. ತಾರೀಖಿಗೆ ಕಾಲಂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಆ ಕಾಲಂ ಇದ್ದರೆ ಯಾವುದೋ ತಾಣದ ಊಹೆಯನ್ನು ತಂದು ತುಂಬುತ್ತೀರಿ. ತಾರೀಖು ಖಚಿತವಾದ ದಿನ ಅದನ್ನು ನೇರ ಕ್ಯಾಲೆಂಡರ್‌ಗೆ ಹಾಕಿ.

"ಬರೆದವರು" ಕಾಲಂ ಖಾಲಿ ಬಿಡಬೇಡಿ. ಶೂಟಿಂಗ್ ನಡುವೆ ಸರಣಿಯ ಹೆಸರು ಬದಲಾಗಬಹುದು, ಬರಹಗಾರರು ಬದಲಾಗುವುದು ಅಪರೂಪ. ರಿಚರ್ಡ್ ಗ್ಯಾಡ್ 'ಬೇಬಿ ರೇನ್‌ಡಿಯರ್' ನಂತರ ಬಿಬಿಸಿ ಮತ್ತು ಅಮೆರಿಕದ ಎಚ್‌ಬಿಒ ಚಾನೆಲ್‌ಗೆ ಬರೆದ ಸರಣಿ ಮೊದಲು ಘೋಷಣೆಯಾದದ್ದು 'ಲಯನ್ಸ್' ಎಂದು. ಆಮೇಲೆ ಅದು 'ಹಾಫ್ ಮ್ಯಾನ್' ಆಯಿತು. ನಾನು ತುಂಬಾ ದಿನ ಸಿಂಹಗಳನ್ನೇ ಹುಡುಕುತ್ತಿದ್ದೆ. ಬರಹಗಾರನ ಹೆಸರಲ್ಲಿ ಹುಡುಕಿದ್ದರೆ ಒಂದು ನಿಮಿಷದ ಕೆಲಸ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ನಾವು ಸೀಸನ್ ಎನ್ನುವುದನ್ನು ಬ್ರಿಟನ್‌ನವರು ಸೀರೀಸ್ ಎನ್ನುತ್ತಾರೆ. "ಸೀರೀಸ್ 3 ಬರುತ್ತಿದೆ" ಎಂದರೆ ಮೂರನೇ ಸೀಸನ್ ಬರುತ್ತಿದೆ ಎಂದರ್ಥ, ಮೂರು ಹೊಸ ಸರಣಿಗಳಲ್ಲ. ಹೊರದೇಶಕ್ಕೆ ಹೋಗುವಾಗ ಹೆಸರೇ ಬದಲಾಗುವುದೂ ಉಂಟು. ಬಿಬಿಸಿಯ 'ಸ್ಪೂಕ್ಸ್' ಅಮೆರಿಕಕ್ಕೆ ಹೋದಾಗ 'ಎಂಐ-5' ಆಯಿತು.

## ಹಂತ 2: ಸುದ್ದಿಯನ್ನು ಮೂಲದಿಂದಲೇ ತನ್ನಿ

ಮೂಲ ಎಂದರೆ ಚಾನೆಲ್‌ಗಳ ಪತ್ರಿಕಾ ಪುಟಗಳು. ಬಿಬಿಸಿಗೆ ಮೀಡಿಯಾ ಸೆಂಟರ್ ಎಂಬ ಪುಟ ಇದೆ. ಐಟಿವಿ, ಚಾನೆಲ್ 4, ಸ್ಕೈ ಎಲ್ಲಕ್ಕೂ ಇಂಥ ಪುಟಗಳಿವೆ, ಯಾರು ಬೇಕಾದರೂ ಓದಬಹುದು. ಘೋಷಣೆಯ ಬರಹದ ಕೊನೆಗೆ ಸಣ್ಣ ಅಕ್ಷರದ ಒಂದು ಪ್ಯಾರಾ ಇರುತ್ತದೆ: ಯಾರು ತಯಾರಿಸುತ್ತಿದ್ದಾರೆ, ಯಾರ ಜೊತೆ ಸೇರಿ, ಹೊರದೇಶಕ್ಕೆ ಮಾರುವವರು ಯಾರು. ಎಲ್ಲರೂ ನಟರ ಹೆಸರು ಓದಿ ಪುಟ ಮುಚ್ಚುತ್ತಾರೆ. ನಿಮಗೆ ಬೇಕಾದ್ದು ಆ ಕೊನೆಯ ಪ್ಯಾರಾ.

ಡ್ರಾಮಾಗೆ ಡೆಡ್‌ಲೈನ್, ಬ್ರಾಡ್‌ಕಾಸ್ಟ್‌ನಂಥ ಉದ್ಯಮದ ಪತ್ರಿಕೆಗಳು ಸಾಕು. ಕಾಮಿಡಿಗೆ ಬ್ರಿಟಿಷ್ ಕಾಮಿಡಿ ಗೈಡ್ ಎಂಬ ತಾಣವನ್ನು ಮೀರಿಸಿದ್ದು ಇಲ್ಲ. ಸಣ್ಣ ಪೈಲಟ್‌ಗಳನ್ನೂ, ಅಂದರೆ ಪ್ರಯೋಗಕ್ಕೆಂದು ಮಾಡಿದ ಒಂಟಿ ಕಂತುಗಳನ್ನೂ, ಅದು ದಾಖಲಿಸುತ್ತದೆ. ಪ್ರಸಾರದ ವಾರ ಹತ್ತಿರ ಬಂದಾಗ ರೇಡಿಯೋ ಟೈಮ್ಸ್ ನೋಡಿ. ಹೆಸರು ಕೇಳಿ ಮೋಸಹೋಗಬೇಡಿ, ಅದು ಈಗ ಟಿವಿಗೂ ಮುಖ್ಯ ಪತ್ರಿಕೆ.

ಎಚ್ಚರಿಕೆಯ ಚಿಹ್ನೆಗಳು: ಯೂಟ್ಯೂಬ್‌ನಲ್ಲಿ "ಕಾನ್ಸೆಪ್ಟ್ ಟ್ರೈಲರ್" ಎಂದು ಸಣ್ಣಗೆ ಬರೆದಿದ್ದರೆ ಅದು ಹಳೆ ದೃಶ್ಯಗಳನ್ನು ಹೊಲಿದು ಮಾಡಿದ ನಕಲಿ. ಚಾನೆಲ್‌ನ ಸ್ವಂತ ಖಾತೆಯಿಂದ ಬರದ ಟ್ರೈಲರನ್ನು ಲೆಕ್ಕಕ್ಕೇ ಇಡಬೇಡಿ. "ಬಿಡುಗಡೆ ದಿನಾಂಕ, ಪಾತ್ರವರ್ಗ, ಕಥೆ: ಇಲ್ಲಿದೆ ಎಲ್ಲ ಮಾಹಿತಿ" ಎಂಬ ಲೇಖನದಲ್ಲಿ ಹತ್ತು ಪ್ಯಾರಾ ದಾಟಿದ ಮೇಲೆ "ಇನ್ನೂ ಅಧಿಕೃತವಾಗಿ ತಿಳಿದಿಲ್ಲ" ಎಂದಿದ್ದರೆ ಅಲ್ಲಿಗೆ ಮತ್ತೆ ಹೋಗಬೇಡಿ.

## ಹಂತ 3: ಕೆಲಸ ಎಲ್ಲಿಗೆ ಬಂದಿದೆ ಎಂದು ಗುರುತಿಸಿ

"ಬರ್ತಾ ಇದೆ" ಎಂಬ ಒಂದೇ ಮಾತಿನೊಳಗೆ ಐದು ಬೇರೆ ಬೇರೆ ಸ್ಥಿತಿಗಳಿವೆ.

ಮೊದಲನೆಯದು ಡೆವಲಪ್‌ಮೆಂಟ್. ಯಾರೋ ಕಾದಂಬರಿಯ ಹಕ್ಕು ಕೊಂಡಿದ್ದಾರೆ, ಯಾರೋ ಸ್ಕ್ರಿಪ್ಟ್ ಬರೆಯುತ್ತಿದ್ದಾರೆ. ಇಲ್ಲಿರುವುದರಲ್ಲಿ ಬಹಳಷ್ಟು ತೆರೆಗೆ ಬರುವುದೇ ಇಲ್ಲ. ಪಟ್ಟಿಗೆ ಸೇರಿಸಬೇಡಿ.

ಎರಡನೆಯದು ಕಮಿಷನ್, ಅಂದರೆ ಚಾನೆಲ್ "ಮಾಡಿ" ಎಂದು ಒಪ್ಪಿಗೆ ಕೊಟ್ಟಿದೆ. ಪಟ್ಟಿಗೆ ಸೇರಿಸಿ, ಆದರೆ ಪೆನ್ಸಿಲ್‌ನಲ್ಲಿ. ಬ್ರಿಟಿಷ್ ಚಾನೆಲ್ ಒಪ್ಪಿದರೂ ಎಷ್ಟೋ ಸಲ ಪೂರ್ತಿ ಖರ್ಚು ಕೊಡುವುದಿಲ್ಲ. ಉಳಿದದ್ದನ್ನು ಹೊರದೇಶದ ಪಾಲುದಾರರಿಂದ ಹೊಂದಿಸಬೇಕು. ಅದು ಹೊಂದದಿದ್ದರೆ ಕೆಲಸ ನಿಲ್ಲುತ್ತದೆ. ದೊಡ್ಡ ಹೆಸರುಗಳಿಗೂ ಈ ಕಷ್ಟ ತಪ್ಪಿಲ್ಲ. 2015ರ 'ವುಲ್ಫ್ ಹಾಲ್' ಮುಂದುವರಿಕೆ ಬಂದದ್ದು 2024ರ ನವೆಂಬರ್‌ನಲ್ಲಿ. ಅದನ್ನು ಮಾಡಿ ಮುಗಿಸಲು ತಾನೂ, ನಾಯಕನಟ ಮಾರ್ಕ್ ರೈಲನ್ಸ್ ಮೊದಲಾದವರೂ ಸಂಭಾವನೆಯಲ್ಲಿ ದೊಡ್ಡ ಪಾಲು ಬಿಟ್ಟುಕೊಡಬೇಕಾಯಿತು ಎಂದು ನಿರ್ದೇಶಕ ಪೀಟರ್ ಕೊಸ್ಮಿನ್‌ಸ್ಕಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದಾರೆ.

ಮೂರನೆಯದು ಶೂಟಿಂಗ್ ಶುರು. ಇಲ್ಲಿಂದ ಪೆನ್ನಿನಲ್ಲಿ ಬರೆಯಬಹುದು. "ಫಸ್ಟ್ ಲುಕ್" ಫೋಟೋ ಬಂದರೆ ಶೂಟಿಂಗ್ ನಡೆದಿದೆ ಎಂದು ಖಾತ್ರಿ. ಡ್ರಾಮಾ ಆದರೆ ಶೂಟಿಂಗ್ ಶುರುವಾದಾಗಿನಿಂದ ತೆರೆಗೆ ಬರಲು ಸುಮಾರು ಒಂದು ವರ್ಷ ಎಂದು ನಾನು ಲೆಕ್ಕ ಹಾಕುತ್ತೇನೆ. ಕಾಮಿಡಿ ಇನ್ನೂ ಬೇಗ ಬರಬಹುದು.

ನಾಲ್ಕನೆಯದು ಟ್ರೈಲರ್. ಐದನೆಯದು ಪ್ರಸಾರದ ದಿನ. ಇವೆರಡರ ನಡುವೆ ಸಾಮಾನ್ಯವಾಗಿ ಕೆಲವೇ ವಾರ.

ಸಾಮಾನ್ಯ ತಪ್ಪು: ಅಮೆರಿಕದ ಲೆಕ್ಕದಲ್ಲಿ ಕಾಯುವುದು. ವರ್ಷಕ್ಕೊಂದು ಸೀಸನ್ ಬಂದೇ ಬರಬೇಕು ಎಂಬ ಕಟ್ಟುಪಾಡು ಬ್ರಿಟನ್‌ನಲ್ಲಿ ಇಲ್ಲ. ಅಲ್ಲಿ ಒಬ್ಬರೇ ಕೂತು ಇಡೀ ಸರಣಿ ಬರೆಯುವುದು ಮಾಮೂಲಿ. ಸ್ಯಾಲಿ ವೇನ್‌ರೈಟ್ ಅವರ 'ಹ್ಯಾಪಿ ವ್ಯಾಲಿ' 2014, 2016, ಆಮೇಲೆ 2023ರಲ್ಲಿ ಬಂತು. 'ದಿ ನೈಟ್ ಮ್ಯಾನೇಜರ್' ಎರಡನೇ ಸೀಸನ್‌ಗೆ ಹತ್ತು ವರ್ಷ ಹಿಡಿಯಿತು. ಎರಡು ವರ್ಷ ಸುದ್ದಿ ಇಲ್ಲ ಎಂದ ಮಾತ್ರಕ್ಕೆ ಹೆಸರು ಹೊಡೆದುಹಾಕಬೇಡಿ. ಮೂರು ತಿಂಗಳಿಗೊಮ್ಮೆ ಪಟ್ಟಿ ತೆರೆದು "ಈಗಿನ ಹಂತ" ತಿದ್ದಿದರೆ ಸಾಕು.

## ಹಂತ 4: ದುಡ್ಡು ಯಾರದು ಎಂದು ನೋಡಿ

ನಿಮ್ಮ ಮನೆಗೆ ಸರಣಿ ಬರುತ್ತದೋ ಇಲ್ಲವೋ ಎನ್ನುವುದು ತೀರ್ಮಾನವಾಗುವುದು ಇಲ್ಲೇ, ಅದೂ ಶೂಟಿಂಗ್‌ಗೂ ಮುಂಚೆ. ಘೋಷಣೆಯ ಕೊನೆಯ ಪ್ಯಾರಾ ಓದಿ, ಕೆಳಗಿನ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ.

ಪೂರ್ತಿ ಸ್ಟ್ರೀಮಿಂಗ್ ಕಂಪನಿಯದ್ದು. 'ಅಡೋಲೆಸೆನ್ಸ್' ಬ್ರಿಟನ್‌ನಲ್ಲಿ ತಯಾರಾದ ಪಕ್ಕಾ ಬ್ರಿಟಿಷ್ ಸರಣಿ, ಆದರೆ ನೆಟ್‌ಫ್ಲಿಕ್ಸ್‌ನದು. 2025ರ ಮಾರ್ಚ್ 13ರಂದು ಅಲ್ಲೂ ಇಲ್ಲೂ ಒಂದೇ ದಿನ ಬಂತು. ಆ್ಯಪಲ್‌ನ 'ಸ್ಲೋ ಹಾರ್ಸಸ್' ಕೂಡ ಹೀಗೆಯೇ. 'ರೈವಲ್ಸ್' ಡಿಸ್ನಿಯದು, ಅಂದರೆ ನಮ್ಮಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ ಹುಡುಕಬೇಕು. ಈ ಗುಂಪಿನದ್ದಕ್ಕೆ ತಲೆಬಿಸಿ ಬೇಡ, ಆ್ಯಪ್‌ನಲ್ಲೇ "ನೆನಪಿಸು" ಒತ್ತಿ ಮರೆತುಬಿಡಿ.

ಬ್ರಿಟಿಷ್ ಚಾನೆಲ್ ಜೊತೆ ಸ್ಟ್ರೀಮಿಂಗ್ ಪಾಲುದಾರ. ಬ್ರಿಟನ್‌ನಲ್ಲಿ ಬಿಬಿಸಿ, ಹೊರಗೆ ಇನ್ನೊಬ್ಬರು. 'ದಿ ನೈಟ್ ಮ್ಯಾನೇಜರ್' ಎರಡನೇ ಸೀಸನ್ 2026ರ ಜನವರಿ 1ಕ್ಕೆ ಬಿಬಿಸಿಯಲ್ಲಿ, ಜನವರಿ 11ಕ್ಕೆ ಪ್ರೈಮ್ ವಿಡಿಯೋದಲ್ಲಿ. ಹತ್ತು ದಿನದ ಅಂತರ. 2018ರ 'ಬಾಡಿಗಾರ್ಡ್' ಬಿಬಿಸಿಯಲ್ಲಿ ಮುಗಿದದ್ದು ಸೆಪ್ಟೆಂಬರ್‌ನಲ್ಲಿ, ಹೊರದೇಶದ ನೆಟ್‌ಫ್ಲಿಕ್ಸ್‌ಗೆ ಬಂದದ್ದು ಅಕ್ಟೋಬರ್‌ನಲ್ಲಿ. ಕಾಯಬಹುದಾದಷ್ಟೇ. ಈ ಗುಂಪಿನಲ್ಲಿ "ನೆಟ್‌ಫ್ಲಿಕ್ಸ್ ಒರಿಜಿನಲ್" ಎಂಬ ಹಣೆಪಟ್ಟಿ ನೋಡಿ ಮೋಸಹೋಗಬೇಡಿ. ಅಲ್ಲಿ ಆಗಲೇ ಪ್ರಸಾರವಾಗಿ, ಕೊನೆ ಏನಾಯಿತು ಎಂದು ಊರಿಗೆಲ್ಲ ಗೊತ್ತಾಗಿರಬಹುದು.

ಬ್ರಿಟಿಷ್ ಚಾನೆಲ್ ಮಾತ್ರ, ಮಾರಾಟಗಾರರು ಬೇರೆ. ಇದೇ ಕಷ್ಟದ ಗುಂಪು. ಬಿಬಿಸಿ ಸ್ಟುಡಿಯೋಸ್, ಐಟಿವಿ ಸ್ಟುಡಿಯೋಸ್, ಬನಿಜೇ, ಆಲ್‌3ಮೀಡಿಯಾ, ಫ್ರೀಮ್ಯಾಂಟಲ್ ಮುಂತಾದವರು ದೇಶದಿಂದ ದೇಶಕ್ಕೆ ಮಾರುತ್ತಾ ಹೋಗುತ್ತಾರೆ. ಭಾರತದ ಖರೀದಿ ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ. 'ಡೆರ್ರಿ ಗರ್ಲ್ಸ್' ಚಾನೆಲ್ 4ರಲ್ಲಿ 2018ರ ಜನವರಿಯಲ್ಲಿ ಶುರುವಾಯಿತು, ಹೊರದೇಶದವರಿಗೆ ನೆಟ್‌ಫ್ಲಿಕ್ಸ್‌ನಲ್ಲಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ.

ಮೂರನೇ ಗುಂಪಿನಲ್ಲಿ ಕಥೆ ಎಷ್ಟು ಸ್ಥಳೀಯವೋ ಮಾರಾಟ ಅಷ್ಟು ಕಷ್ಟ. ಅಂಚೆ ಇಲಾಖೆಯ ಕಂಪ್ಯೂಟರ್ ತಪ್ಪಿಗೆ ಜೈಲಿಗೆ ಹೋದ ಉಪ-ಅಂಚೆ ಕಚೇರಿಯವರ ಕಥೆ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್'. 2024ರ ಜನವರಿ 1ರಿಂದ 4ರವರೆಗೆ ಬಂದು ಇಡೀ ದೇಶ ಅಲುಗಿತು. ಅಷ್ಟಾದರೂ ಅದರಿಂದ ಸುಮಾರು ಹತ್ತು ಲಕ್ಷ ಪೌಂಡ್ ನಷ್ಟವಾಯಿತು ಎಂದು ಐಟಿವಿಯ ಕೆವಿನ್ ಲೈಗೋ ಹೇಳಿದ್ದರು. ಹಾಗಾಗಿ ಬ್ರಿಟನ್‌ನ ಯಾವುದೋ ಹಗರಣ, ಕೌನ್ಸಿಲ್, ಆಸ್ಪತ್ರೆಯ ಸತ್ಯಕಥೆ ಎಂದು ಕಂಡರೆ ನನ್ನ ಪಟ್ಟಿಯಲ್ಲಿ "ತಡ" ಎಂದು ಬರೆದುಕೊಳ್ಳುತ್ತೇನೆ. ಹಳೆ ಕಾಲದ ಉಡುಪಿನ ಕಥೆ, ಗೂಢಚಾರರ ಕಥೆ, ಅಗಾಥಾ ಕ್ರಿಸ್ಟಿ ಎಂದಿದ್ದರೆ "ಬೇಗ". ಈ ಊಹೆ ತಪ್ಪಿದ್ದು ಕಡಿಮೆ.

ಪಾಲುದಾರರೇ ಬದಲಾಗುವುದೂ ಇದೆ. 'ಡೆರ್ರಿ ಗರ್ಲ್ಸ್' ಬರೆದ ಲೀಸಾ ಮೆಗೀ ಅವರ 'ಹೌ ಟು ಗೆಟ್ ಟು ಹೆವನ್ ಫ್ರಮ್ ಬೆಲ್‌ಫಾಸ್ಟ್' ಮೊದಲು ಚಾನೆಲ್ 4ರದ್ದೆಂದು ಘೋಷಣೆಯಾಗಿ, ಆಮೇಲೆ ನೆಟ್‌ಫ್ಲಿಕ್ಸ್ ಪಾಲಾಯಿತು. ಅಲ್ಲಿನವರಿಗೆ ಬೇಸರವಾಗಿರಬಹುದು, ನಮಗೆ ಲಾಭವೇ. ಶೂಟಿಂಗ್ ಸುದ್ದಿ ಬಂದಾಗ ಈ ಕಾಲಂ ಇನ್ನೊಮ್ಮೆ ನೋಡಲೇಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಮಾತು. ಬಿಬಿಸಿಯ ಸ್ವಂತ ಸ್ಟ್ರೀಮಿಂಗ್ ಆ್ಯಪ್ ಐಪ್ಲೇಯರ್ ಬ್ರಿಟನ್‌ನಲ್ಲಿ ಇರುವವರಿಗೆ ಮಾತ್ರ. "ವಿಪಿಎನ್ ಹಾಕಿ ನೋಡ್ಬಹುದಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಬೇರೆ ದೇಶದಲ್ಲಿ ಇದ್ದಂತೆ ತೋರಿಸುವ ಆ ಉಪಾಯ ಅವರ ನಿಯಮಕ್ಕೆ ವಿರುದ್ಧ, ಅವರು ಅದನ್ನು ತಡೆಯುತ್ತಲೂ ಇರುತ್ತಾರೆ. ನಾಲ್ಕನೇ ಎಪಿಸೋಡ್ ನಡುವೆ ಪರದೆ ಕಪ್ಪಾದರೆ ದೂರಲು ಯಾರೂ ಸಿಗುವುದಿಲ್ಲ. ಈ ಮಾರ್ಗದರ್ಶಿ ಆ ದಾರಿಗೆ ಹೋಗುವುದಿಲ್ಲ.

## ಹಂತ 5: ಈಗ ತಾರೀಖು

ಮೊದಲು ಋತು ನೋಡಿ. ಬ್ರಿಟನ್‌ನಲ್ಲಿ ಚಳಿ, ಕತ್ತಲು ಜಾಸ್ತಿ ಇರುವ ತಿಂಗಳುಗಳಲ್ಲಿ ಜನ ಮನೆಯಲ್ಲಿರುತ್ತಾರೆ. ದೊಡ್ಡ ಡ್ರಾಮಾಗಳು ಸೆಪ್ಟೆಂಬರ್‌ನಿಂದ ಮಾರ್ಚ್ ನಡುವೆ ತುಂಬಿಕೊಳ್ಳುತ್ತವೆ. ಅದರಲ್ಲೂ ಜನವರಿ 1 ಅವರ ಪಾಲಿಗೆ ನಮ್ಮ ದಸರಾ ರಿಲೀಸ್ ಇದ್ದಂತೆ. 'ಹ್ಯಾಪಿ ವ್ಯಾಲಿ' ಕೊನೆಯ ಸೀಸನ್, 'ಮಿಸ್ಟರ್ ಬೇಟ್ಸ್', 'ದಿ ನೈಟ್ ಮ್ಯಾನೇಜರ್' ಎರಡನೇ ಸೀಸನ್, ಮೂರೂ ಆ ದಿನವೇ ಶುರುವಾದವು. ಕ್ರಿಸ್‌ಮಸ್‌ಗೆ ಕಾಮಿಡಿಗಳ ವಿಶೇಷ ಕಂತುಗಳು. 'ಗ್ಯಾವಿನ್ ಅಂಡ್ ಸ್ಟೇಸಿ' ಮುಗಿದದ್ದು 2024ರ ಡಿಸೆಂಬರ್ 25ರಂದು. ಡಿಸೆಂಬರ್ ಮೊದಲ ವಾರಗಳಲ್ಲಿ ಬರುವ ರೇಡಿಯೋ ಟೈಮ್ಸ್‌ನ ಕ್ರಿಸ್‌ಮಸ್ ಜೋಡಿ ಸಂಚಿಕೆಯ ವಿವರ ನೋಡಿದರೆ ಆ ಎರಡು ವಾರದ ಲೆಕ್ಕ ಮುಗಿಯಿತು.

ಜೂನ್, ಜುಲೈನಲ್ಲಿ ಫುಟ್‌ಬಾಲ್ ಪಂದ್ಯಾವಳಿ ಇದ್ದರೆ ಡ್ರಾಮಾ ಪಕ್ಕಕ್ಕೆ ಸರಿಯುತ್ತದೆ. "ಬೇಸಿಗೆಗೆ ಬರುತ್ತೆ" ಎಂದ ಸರಣಿ ಶರತ್ಕಾಲಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ. ಅಂದಹಾಗೆ, ಅವರ ಬೇಸಿಗೆ ಎಂದರೆ ಜೂನ್‌ನಿಂದ ಆಗಸ್ಟ್, ನಮ್ಮ ಮಳೆಗಾಲ. ನಮ್ಮ ಏಪ್ರಿಲ್ ರಜೆಗೆ ಕಾದು ಕೂತವರನ್ನು ನೋಡಿದ್ದೇನೆ.

ಆಮೇಲೆ ಗಂಟೆ. ಬ್ರಿಟನ್‌ನಲ್ಲಿ ರಾತ್ರಿ 9ಕ್ಕೆ ಮುಂಚೆ ದೊಡ್ಡವರಿಗಷ್ಟೇ ತಕ್ಕ ದೃಶ್ಯ, ಬೈಗುಳ ಹಾಕುವಂತಿಲ್ಲ. ಹಾಗಾಗಿ ಗಟ್ಟಿ ಡ್ರಾಮಾಗಳೆಲ್ಲ ಸರಿಯಾಗಿ 9ಕ್ಕೆ ಶುರು. ಭಾನುವಾರ ರಾತ್ರಿ 9ರ ಬಿಬಿಸಿ ಒನ್ ಜಾಗಕ್ಕೆ ತುಂಬಾ ಬೆಲೆ. ಆ 9 ಗಂಟೆ ನಮಗೆ ಚಳಿಗಾಲದಲ್ಲಿ ಮಾರನೇ ದಿನ ಬೆಳಗಿನ ಜಾವ 2:30. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ 1:30. ಅಂದರೆ ಅವರ ಭಾನುವಾರ ನಮಗೆ ಸೋಮವಾರ. ಕ್ಯಾಲೆಂಡರ್‌ನಲ್ಲಿ ಸಮಯ ವಲಯ ಲಂಡನ್ ಎಂದು ಹಾಕಿ ಬರೆಯಿರಿ, ಉಳಿದದ್ದನ್ನು ಫೋನೇ ನೋಡಿಕೊಳ್ಳುತ್ತದೆ.

ಕೊನೆಗೆ ಬಿಡುಗಡೆಯ ರೀತಿ. ಬಿಬಿಸಿ ಎಷ್ಟೋ ಸರಣಿಗಳ ಎಲ್ಲ ಕಂತುಗಳನ್ನೂ ಮೊದಲ ದಿನ ಬೆಳಗ್ಗೆ 6ಕ್ಕೇ ಐಪ್ಲೇಯರ್‌ಗೆ ಹಾಕಿಬಿಡುತ್ತದೆ. ಟಿವಿಯಲ್ಲಿ ವಾರಕ್ಕೊಂದು ಬರುತ್ತಿದ್ದರೂ ಕೊನೆ ಏನು ಎಂದು ಅವತ್ತು ಮಧ್ಯಾಹ್ನಕ್ಕೇ ಹೊರಬಿದ್ದಿರುತ್ತದೆ. 'ಹ್ಯಾಪಿ ವ್ಯಾಲಿ' ಕೊನೆಯ ಸೀಸನ್, 'ಲೈನ್ ಆಫ್ ಡ್ಯೂಟಿ' ಆರನೇ ಸೀಸನ್‌ಗಳನ್ನು ಹಾಗೆ ಮಾಡದೆ ವಾರಕ್ಕೊಂದೇ ಕೊಟ್ಟರು. ಯಾವ ರೀತಿ ಎಂದು ಘೋಷಣೆಯಲ್ಲಿ ಇರುತ್ತದೆ. ಇದನ್ನು ಬರೆದುಕೊಂಡರೆ ಯಾವ ದಿನದಿಂದ ಸಾಮಾಜಿಕ ಜಾಲತಾಣಗಳಿಂದ ದೂರ ಇರಬೇಕು ಎಂದು ಗೊತ್ತಾಗುತ್ತದೆ.

## ಹಂತ 6: ನೋಡಲು ತಕ್ಕದ್ದೇ? ಬರುವ ಮುಂಚೆಯೇ ತೂಗಿ

ಟ್ರೈಲರ್ ನೋಡಿ ತೀರ್ಮಾನಿಸಬೇಡಿ. ಮಂಜು, ಸಮುದ್ರದ ಬಂಡೆ, ಕೋಟು ಹಾಕಿದ ದುಃಖಿ ಡಿಟೆಕ್ಟಿವ್: ಎಲ್ಲವೂ ಒಂದೇ ಥರ ಕಾಣುತ್ತವೆ. ನಾನು ನೋಡುವುದು ಬರಹಗಾರ, ತಯಾರಕ, ಕಂತುಗಳ ಸಂಖ್ಯೆ, ಈ ಕ್ರಮದಲ್ಲಿ. ನಟರು ಆಮೇಲೆ. ಒಳ್ಳೆ ನಟರು ಬಾಡಿಗೆ ಕಟ್ಟಲಿಕ್ಕೂ ಪಾತ್ರ ಮಾಡುತ್ತಾರೆ.

ಬರಹಗಾರರಲ್ಲಿ ನಾನು ಕಣ್ಣುಮುಚ್ಚಿ ಪಟ್ಟಿಗೆ ಹಾಕುವ ಹೆಸರುಗಳು: ಸ್ಯಾಲಿ ವೇನ್‌ರೈಟ್, ಜ್ಯಾಕ್ ಥಾರ್ನ್, ರಸೆಲ್ ಟಿ. ಡೇವಿಸ್, ಲೀಸಾ ಮೆಗೀ, 'ಶೆರ್‌ವುಡ್' ಬರೆದ ಜೇಮ್ಸ್ ಗ್ರಹಾಂ. ಸ್ಟೀವನ್ ನೈಟ್ ಹೆಸರಿಗೆ ಒಂದು ಪ್ರಶ್ನೆ ಚಿಹ್ನೆ. ಮನುಷ್ಯ ಬರೆಯುವುದು ಬಹಳ, ಎಲ್ಲವೂ 'ಪೀಕಿ ಬ್ಲೈಂಡರ್ಸ್' ಆಗುವುದಿಲ್ಲ. 'ಲೈನ್ ಆಫ್ ಡ್ಯೂಟಿ' ಬರೆದ ಜೆಡ್ ಮರ್ಕ್ಯೂರಿಯೋ ಅವರದ್ದು ಶುರು ಅದ್ಭುತ, ಮುಗಿಸುವಾಗ ಜಗಳ ಗ್ಯಾರಂಟಿ.

ತಯಾರಕರೂ ಸುಳಿವು ಕೊಡುತ್ತಾರೆ. 'ಲೈನ್ ಆಫ್ ಡ್ಯೂಟಿ' ಮಾಡಿದವರು ವರ್ಲ್ಡ್ ಪ್ರೊಡಕ್ಷನ್ಸ್, 'ಅಡೋಲೆಸೆನ್ಸ್' ಹಿಂದೆ ವಾರ್ಪ್ ಫಿಲ್ಮ್ಸ್, 'ಇಂಡಸ್ಟ್ರಿ' ಹಿಂದೆ ಬ್ಯಾಡ್ ವುಲ್ಫ್. ನಿಮಗೆ ಇಷ್ಟವಾದ ಸರಣಿಯ ಕೊನೆಯಲ್ಲಿ ಬರುವ ಹೆಸರುಗಳನ್ನು ಒಮ್ಮೆ ಓದಿ, "ಸ್ಕಿಪ್" ಒತ್ತಬೇಡಿ. ನಿಮ್ಮ ರುಚಿಯ ತಯಾರಕರು ಯಾರೆಂದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಸಂಖ್ಯೆ. ಮೂರರಿಂದ ಆರು ಕಂತು ಎಂದಿದ್ದರೆ ಕಥೆಗೆ ಅಳತೆ ಇದೆ ಎಂದರ್ಥ. ಒಂದೇ ವಾರದಲ್ಲಿ ಸತತ ನಾಲ್ಕು ರಾತ್ರಿ ಬರುವ ಥ್ರಿಲ್ಲರ್‌ಗಳಲ್ಲಿ ಸಾಮಾನ್ಯವಾಗಿ ಹೊಸ ಮನೆ, ಹೊಸ ನೆರೆಮನೆಯವರು, ಗಂಡನ ಗುಟ್ಟು ಇಷ್ಟೇ ಇರುತ್ತದೆ. ಮಳೆ ಬರುವ ಭಾನುವಾರ ಬೋಂಡಾ ಜೊತೆಗೆ ಚೆನ್ನ. ವರ್ಷಗಟ್ಟಲೆ ಕಾಯುವಂಥದ್ದಲ್ಲ.

## ಹಂತ 7: ಕಾಮಿಡಿಗೆ ಬೇರೆ ದಾರಿ

ಡ್ರಾಮಾ ಘೋಷಣೆಯಿಂದ ಶುರುವಾಗುತ್ತದೆ. ಕಾಮಿಡಿ ಅದಕ್ಕೂ ಎಷ್ಟೋ ಮುಂಚೆ ರಂಗದ ಮೇಲೋ ರೇಡಿಯೋದಲ್ಲೋ ಹುಟ್ಟಿರುತ್ತದೆ. 'ಫ್ಲೀಬ್ಯಾಗ್' 2013ರಲ್ಲಿ ಎಡಿನ್‌ಬರೋ ಫ್ರಿಂಜ್ ಉತ್ಸವದಲ್ಲಿ ಒಬ್ಬಳೇ ಮಾಡಿದ ನಾಟಕ, ಟಿವಿಗೆ ಬಂದದ್ದು 2016ರಲ್ಲಿ. 'ಬೇಬಿ ರೇನ್‌ಡಿಯರ್' 2019ರ ಫ್ರಿಂಜ್‌ನಲ್ಲಿತ್ತು, ನೆಟ್‌ಫ್ಲಿಕ್ಸ್‌ಗೆ ಬಂದದ್ದು 2024ರಲ್ಲಿ. ಬ್ರಿಟನ್‌ನ ಭಾರತೀಯರನ್ನೇ ಇಟ್ಟುಕೊಂಡು ನಗಿಸಿದ 'ಗುಡ್‌ನೆಸ್ ಗ್ರೇಶಿಯಸ್ ಮೀ' ಟಿವಿಗಿಂತ ಮೊದಲು ಬಿಬಿಸಿ ರೇಡಿಯೋ 4ರಲ್ಲಿತ್ತು. ಪ್ರತಿ ಆಗಸ್ಟ್‌ನಲ್ಲಿ ಫ್ರಿಂಜ್ ವಿಮರ್ಶೆಗಳನ್ನು ಓದಿ, ಮನಸ್ಸಿಗೆ ಹಿಡಿದ ಎರಡು ಮೂರು ಹೆಸರು ಬರೆದಿಡಿ. ಮೂರ್ನಾಲ್ಕು ವರ್ಷ ಬಿಟ್ಟು ಅದರಲ್ಲಿ ಒಂದಾದರೂ ಟಿವಿಯಲ್ಲಿ ಕಂಡಾಗ ಆಗುವ ಖುಷಿ ಬೇರೆ.

ಹೊಸ ಕಾಮಿಡಿಗಳ ಗೊಂಚಲು ಘೋಷಣೆ ಬೇಕೆಂದರೆ ಬಿಬಿಸಿ ಕಾಮಿಡಿ ಫೆಸ್ಟಿವಲ್ ದಿನಗಳನ್ನು ನೋಡಿಕೊಳ್ಳಿ. 2022ರಲ್ಲಿ ನ್ಯೂಕ್ಯಾಸಲ್, ಆಮೇಲೆ ಕಾರ್ಡಿಫ್, ಗ್ಲಾಸ್ಗೋ, ಬೆಲ್‌ಫಾಸ್ಟ್ ಎಂದು ವರ್ಷಕ್ಕೊಂದು ಊರಿನಲ್ಲಿ ನಡೆದಿದೆ.

ಕಾಮಿಡಿಯಲ್ಲಿ ಆಗುವ ದೊಡ್ಡ ತಪ್ಪು ಮೊದಲ ಕಂತಿಗೇ ಕೈಬಿಡುವುದು. ಅರ್ಧ ಗಂಟೆಯ ಆರು ಕಂತು ಅವರ ರೂಢಿ. 'ಫಾಲ್ಟಿ ಟವರ್ಸ್' 1975ರಲ್ಲಿ ಆರು, 1979ರಲ್ಲಿ ಆರು, ಅಷ್ಟಕ್ಕೇ ಮುಗಿಯಿತು. ಮೊದಲ ಕಂತು ಪಾತ್ರ ಪರಿಚಯಕ್ಕೆ ಹೋಗುತ್ತದೆ. ಮೂರು ಕಂತು ಕೊಡಿ, ಒಂದೂವರೆ ಗಂಟೆ ಅಷ್ಟೆ. ಮೂರಕ್ಕೂ ನಗು ಬರದಿದ್ದರೆ ಧಾರಾಳವಾಗಿ ಬಿಡಿ.

ಹಾಗೇ, ಕಾಮಿಡಿ ಎಂಬ ಹಣೆಪಟ್ಟಿ ನೋಡಿ ಮನೆಮಂದಿಯನ್ನೆಲ್ಲ ಹಾಲ್‌ಗೆ ಕರೆಯಬೇಡಿ. ಅಮ್ಮ ಪಕ್ಕದಲ್ಲಿ ಕೂತಿರುವಾಗ 'ಫ್ಲೀಬ್ಯಾಗ್' ಮೊದಲ ಎರಡು ನಿಮಿಷ ಎಷ್ಟು ಉದ್ದ ಎಂದು ನನಗೆ ಗೊತ್ತು. ವಯಸ್ಸಿನ ರೇಟಿಂಗ್ ನೋಡಿ, ಬ್ರಿಟನ್‌ನಲ್ಲಿ 9ಕ್ಕೆ ಮುಂಚೆ ಬಂದದ್ದೋ ನಂತರವೋ ನೋಡಿ.

## ಹಂತ 8: ಬಂದ ದಿನ ಮಾಡಬೇಕಾದ್ದು

ಸಬ್‌ಟೈಟಲ್ ಹಾಕಿಕೊಳ್ಳಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಬೆಲ್‌ಫಾಸ್ಟ್‌ನ 'ಬ್ಲೂ ಲೈಟ್ಸ್' ಅಥವಾ ಗ್ಲಾಸ್ಗೋದ ಕಾಮಿಡಿಯ ಮಾತು ಮೈಸೂರಿನವರಿಗೆ ಬೀದರ್ ಕಡೆಯ ಮಾತು ಕೇಳಿಸಿದಷ್ಟೇ ಹೊಸದು. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಮೊದಲ ಹತ್ತು ನಿಮಿಷ ಕಷ್ಟ. ಮೊಬೈಲ್ ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿ.

ಹುಡುಕುವಾಗ ಮೂರು ಹೆಸರುಗಳಲ್ಲೂ ಹುಡುಕಿ: ಸರಣಿ, ಬರಹಗಾರ, ಮುಖ್ಯ ನಟ. ಪ್ರೈಮ್ ವಿಡಿಯೋದಲ್ಲಿ ಒಂದು ಸರಣಿ ಕಂಡರೂ ಅದು ಬೇರೆ ಚಂದಾ ಕೇಳುವ ಆ್ಯಡ್-ಆನ್ ಚಾನೆಲ್‌ನದ್ದಾಗಿರಬಹುದು. ಒತ್ತುವ ಮುಂಚೆ ಬೆಲೆ ನೋಡಿ. ಉಚಿತ ಟ್ರಯಲ್ ತೆಗೆದುಕೊಂಡರೆ ಅದೇ ಕೈಯಲ್ಲಿ ರದ್ದು ಮಾಡುವ ದಿನವನ್ನೂ ಕ್ಯಾಲೆಂಡರ್‌ಗೆ ಹಾಕಿ.

## ಹಂತ 9: ಎರಡು ಹೆಸರುಗಳ ಮೇಲೆ ಕೈ ಪಳಗಿಸಿ

'ಲೈನ್ ಆಫ್ ಡ್ಯೂಟಿ' ಏಳನೇ ಸೀಸನ್. ಬಿಬಿಸಿ 2025ರ ನವೆಂಬರ್‌ನಲ್ಲಿ ಘೋಷಿಸಿತು. ಆರು ಕಂತು, ಹಳೆಯ ಮೂವರು ನಟರೂ ವಾಪಸ್, ಶೂಟಿಂಗ್ 2026ರ ವಸಂತದಲ್ಲಿ ಬೆಲ್‌ಫಾಸ್ಟ್‌ನಲ್ಲಿ ಎಂದು ಹೇಳಿತ್ತು. ಹಂತ 3ರ ಲೆಕ್ಕ ಹಾಕಿದರೆ 2026ರೊಳಗೆ ನೋಡುವ ಆಸೆ ಇಟ್ಟುಕೊಳ್ಳುವುದು ಬೇಡ. ಹಂತ 4ರಲ್ಲಿ ಇದು ಮೂರನೇ ಗುಂಪಿಗೆ ಬೀಳುತ್ತದೆ. ಹಂತ 5ರಲ್ಲಿ "ವಾರಕ್ಕೊಂದು, ಸ್ಪಾಯ್ಲರ್ ಅಪಾಯ ತುಂಬಾ" ಎಂದು ಬರೆಯಿರಿ. ಹಿಂದಿನ ಸೀಸನ್‌ಗಳನ್ನು ನೋಡದಿದ್ದರೆ ಈಗಲೇ ಶುರು ಮಾಡಿ, ಸಮಯ ಇದೆ.

'ಪೀಕಿ ಬ್ಲೈಂಡರ್ಸ್' ಹೊಸ ತಲೆಮಾರಿನ ಕಥೆ. 2025ರ ಅಕ್ಟೋಬರ್‌ನಲ್ಲಿ ಎರಡು ಸೀಸನ್‌ಗಳ ಘೋಷಣೆಯಾಯಿತು. ಒಂದು ಗಂಟೆಯ ಆರಾರು ಕಂತು, 1953ರ ಬರ್ಮಿಂಗ್‌ಹ್ಯಾಂ. ಬ್ರಿಟನ್‌ನಲ್ಲಿ ಬಿಬಿಸಿ, ಹೊರಗೆ ನೆಟ್‌ಫ್ಲಿಕ್ಸ್ ಎಂದು ಘೋಷಣೆಯಲ್ಲೇ ಇತ್ತು. ಅಂದರೆ ಎರಡನೇ ಗುಂಪು. ಆ್ಯಪ್ ಹುಡುಕುವ ಕೆಲಸವೇ ಇಲ್ಲ, ಎರಡು ತಾರೀಖುಗಳ ನಡುವಿನ ಅಂತರ ಮಾತ್ರ ನೋಡಬೇಕು.

## ನೀವು ಬ್ರಿಟನ್‌ನಲ್ಲೇ ಇದ್ದರೆ

ಓದಲಿಕ್ಕೋ ಕೆಲಸಕ್ಕೋ ಹೋಗಿರುವ ಕನ್ನಡದವರಿಗೆ ಹಂತ 4ರ ತಲೆನೋವು ಇಲ್ಲ, ಬದಲಿಗೆ ಟಿವಿ ಲೈಸೆನ್ಸ್ ಇದೆ. ಯಾವುದೇ ಚಾನೆಲ್ಲನ್ನು ನೇರ ಪ್ರಸಾರದಲ್ಲಿ ನೋಡಲು, ಐಪ್ಲೇಯರ್‌ನಲ್ಲಿ ಏನನ್ನೇ ನೋಡಲು ಅದು ಬೇಕು, ಲ್ಯಾಪ್‌ಟಾಪ್ ಆದರೂ ಸರಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಎಂದಾಗಿತ್ತು. ಐಟಿವಿಎಕ್ಸ್, ಚಾನೆಲ್ 4ರ ಆ್ಯಪ್‌ಗಳಲ್ಲಿ ಪ್ರಸಾರ ಮುಗಿದ ಮೇಲೆ ನೋಡುವುದಕ್ಕೆ ಲೈಸೆನ್ಸ್ ಬೇಡ, ಜಾಹೀರಾತು ಸಹಿಸಿಕೊಳ್ಳಬೇಕು ಅಷ್ಟೆ. ಹೊಸದಾಗಿ ಹೋದವರು ಇದನ್ನು ತಿಳಿಯದೆ ಸುಮ್ನೆ ಐಪ್ಲೇಯರ್ ತೆರೆದು "ಲೈಸೆನ್ಸ್ ಇದೆ" ಎಂದು ಒತ್ತಿಬಿಡುತ್ತಾರೆ. ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ.

ಪ್ರೇಕ್ಷಕರ ಮುಂದೆ ರೆಕಾರ್ಡ್ ಮಾಡುವ ಕಾಮಿಡಿಗಳಿಗೆ ಟಿಕೆಟ್ ಉಚಿತ. ಚಾನೆಲ್‌ಗಳ ಟಿಕೆಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು. ಸೀಟುಗಳಿಗಿಂತ ಜಾಸ್ತಿ ಟಿಕೆಟ್ ಹಂಚುವುದು ಅವರ ಪದ್ಧತಿ, ಹಾಗಾಗಿ ಕೈಯಲ್ಲಿ ಟಿಕೆಟ್ ಇದ್ದರೂ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ. ಛತ್ರಿ ಮರೆಯಬೇಡಿ.